50 ನಿಮಿಷದ ಹಾರಾಟ ಯಾರ ಮನೆ ಬಾಗಿಲಿಂದ ಶುರುವಾಗುತ್ತೆ?

ಕಲಬುರಗಿ ವಿಮಾನ ನಿಲ್ದಾಣದಿಂದ ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಎಷ್ಟು ದೂರ? ನಕ್ಷೆ ಮೇಲೆ ನೇರ ಗೆರೆ ಎಳೆದರೆ 300 ಕಿ.ಮೀ.ಗೆ ಸ್ವಲ್ಪ ಕಡಿಮೆ. ಸಣ್ಣ ವಿಮಾನ ಹಾರಿದರೂ 50 ನಿಮಿಷದ ಆಸುಪಾಸು. ಫೋನಿಗೆ ಕೇಳಿದರೆ ಅರೆಗಳಿಗೆಯಲ್ಲಿ ಹೇಳುತ್ತೆ. ಈ ಎರಡು ಅಂಕಿ ಹಿಡಿದುಕೊಂಡು ನಮ್ಮ ಭಾಗದಲ್ಲಿ ಈಗ ಒಂದು ವಾದ ಜೋರಾಗಿ ನಡೀತಿದೆ. ಕಲಬುರಗಿ–ಹುಬ್ಬಳ್ಳಿ ನೇರ ವಿಮಾನ ಬಿಟ್ಟರೆ ಕಲ್ಯಾಣ ಕರ್ನಾಟಕಕ್ಕೂ ಕಿತ್ತೂರು ಕರ್ನಾಟಕಕ್ಕೂ ಬರೀ 50 ನಿಮಿಷ, ದೂರ ಅನ್ನೋದೇ ಮುಗೀತು, ಹಿಂದುಳಿದಿರುವಿಕೆ ಅರ್ಧ ಕಳೀತು ಅಂತ. ಈ ವಾದ ಮಾಡೋರಲ್ಲಿ ನನ್ನ ಗೆಳೆಯರೂ ಇದ್ದಾರೆ. "ಅಣ್ಣಾರ, ನೀವೂ ದನಿ ಕೂಡಿಸ್ರಿ, ನಿಮ್ಮ ಮಂದಿಗೂ ಅನುಕೂಲ ಆಗ್ತದ" ಅಂತಾರೆ.

ನಮ್ಮ ಮಂದಿಗೆ ಏನು ಅನುಕೂಲ ಆಗ್ತದ ಅನ್ನೋದನ್ನೇ ಇಲ್ಲಿ ಲೆಕ್ಕ ಹಾಕ್ತೀನಿ. ಉದ್ದ ಆಗುತ್ತೆ. ಪೂರ್ತಿ ಓದಿ, ಆಮೇಲೆ ಬೈಯಿರಿ.

ಮೊದಲು ಒಂದು ಮಾತು ಸ್ಪಷ್ಟ ಇರಲಿ. ದಲಿತರು ವಿಮಾನ ಹತ್ತಬಾರದು ಅಂತ ನಾನು ಹೇಳ್ತಿಲ್ಲ. ವಿಮಾನ ಶ್ರೀಮಂತರದು, ನಮಗ್ಯಾಕ ಅಂತ ಹೇಳೋ ಕೈಮುಗಿದ ವಿನಯ ನನಗೆ ಒಗ್ಗಲ್ಲ. ನಮ್ಮ ತೆರಿಗೆಯಲ್ಲಿ ಕಟ್ಟಿದ ರನ್‌ವೇ ನಮ್ಮದೂ ಹೌದು. ನನ್ನ ಜಗಳ ವಿಮಾನದ ಜೊತೆ ಅಲ್ಲ, ಆ 50 ನಿಮಿಷ ಅನ್ನೋ ಅಂಕಿಯ ಜೊತೆ. ಅದು ಒಂದು ಗೇಟಿನಿಂದ ಇನ್ನೊಂದು ಗೇಟಿನವರೆಗಿನ ಲೆಕ್ಕ. ಗೇಟಿನ ಆಚೆ ಈಚೆ ಇರೋ ಮನುಷ್ಯರು ಆ ಲೆಕ್ಕದಲ್ಲಿ ಇಲ್ಲ.

ಒಬ್ಬ ಹುಡುಗಿಯ ಲೆಕ್ಕ ಹೇಳ್ತೀನಿ. ಶಹಾಪುರ ತಾಲ್ಲೂಕಿನ ಒಂದು ಹಳ್ಳಿ, ಯಾದಗಿರಿ ಜಿಲ್ಲೆ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದಲ್ಲೇ ಅತಿ ಕಡಿಮೆ ಸಾಕ್ಷರತೆ ಇದ್ದ ಜಿಲ್ಲೆ ಅದು, 51.83 ಶೇಕಡಾ. ಅಂಥ ಜಿಲ್ಲೆಯ ಕೇರಿಯಿಂದ ಡಿಗ್ರಿ ಮುಗಿಸಿದ ಹುಡುಗಿ. ಪಿಎಸ್‌ಐ ಆಗಬೇಕು ಅಂತ ಹಟ. ಉತ್ತರ ಕರ್ನಾಟಕದಲ್ಲಿ ಸರ್ಕಾರಿ ನೌಕರಿ ಪರೀಕ್ಷೆಗೆ ಓದೋರು ಎಲ್ಲಿಗೆ ಹೋಗ್ತಾರೆ ಅಂತ ನಿಮಗೆಲ್ಲ ಗೊತ್ತು, ಧಾರವಾಡಕ್ಕೆ. ಕೋಚಿಂಗ್ ಅಲ್ಲಿ, ಲೈಬ್ರರಿ ಅಲ್ಲಿ, ಜೊತೆಗೆ ಓದೋರು ಅಲ್ಲಿ. ನಾನು ಸಂಘಟನೆ ಕೆಲಸಕ್ಕೆ ಆ ಊರಿಗೆ ಹೋದಾಗ ಅವಳ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಧಾರವಾಡ ಎಷ್ಟು ದೂರ ಆಗ್ತದರೀ ಸರ?"

ಎಷ್ಟು ದೂರ ಅಂತ ಹೇಳಲಿ?

ಅವಳ ಮನೆ ಇರೋದು ಊರಿನ ಆಚೆ. ಬಸ್ ನಿಲ್ಲೋದು ಊರ ಅಗಸಿ ಮುಂದೆ. ಅಲ್ಲಿಗೆ ನಡೀಬೇಕು. ಬೆಳಿಗ್ಗೆ ಬರೋ ಬಸ್ಸು ತಪ್ಪಿದರೆ ಡಾಂಬರು ರಸ್ತೆವರೆಗೂ ನಡೆದು ಟಂಟಂ ಕಾಯಬೇಕು. ಟಂಟಂ ತುಂಬೋವರೆಗೂ ಹೊರಡಲ್ಲ. ಶಹಾಪುರ ಬಸ್‌ಸ್ಟ್ಯಾಂಡು, ಅಲ್ಲಿಂದ ಲಿಂಗಸುಗೂರು, ಕುಷ್ಟಗಿ, ಗದಗ, ಹುಬ್ಬಳ್ಳಿ, ಧಾರವಾಡ. ಎಲ್ಲಾ ಬಸ್ಸು ಸರಿಯಾಗಿ ಸಿಕ್ಕರೆ ಕತ್ತಲಾಗೋದರೊಳಗೆ ಮುಟ್ಟಬಹುದು.

ಈಗ ಇದೇ ಹುಡುಗಿಯನ್ನ ನಿಮ್ಮ ವಿಮಾನಕ್ಕೆ ಹತ್ತಿಸೋಣ. ಹುಬ್ಬಳ್ಳಿ ಇರೋದು ಅವಳ ಊರಿನ ನೈಋತ್ಯಕ್ಕೆ. ವಿಮಾನ ಹತ್ತಬೇಕಾದ್ರೆ ಅವಳು ಮೊದಲು ಉತ್ತರಕ್ಕೆ, ಜೇವರ್ಗಿ ಮೇಲೆ ಕಲಬುರಗಿಗೆ ಬರಬೇಕು. ಶಹಾಪುರದಿಂದ ಸುಮಾರು 75 ಕಿ.ಮೀ. ಅಂದ್ರೆ ಹುಬ್ಬಳ್ಳಿ ಮುಟ್ಟೋಕೆ ಮೊದಲು ಹುಬ್ಬಳ್ಳಿಯಿಂದ ದೂರ ಹೋಗಬೇಕು. ಕಲಬುರಗಿ ಬಸ್‌ಸ್ಟ್ಯಾಂಡಿಂದ ವಿಮಾನ ನಿಲ್ದಾಣ ಮತ್ತೆ ಸುಮಾರು 14 ಕಿ.ಮೀ., ಆಟೊದವ ಕೇಳಿದಷ್ಟು ಕೊಡಬೇಕು. ಒಂದೂವರೆ ಗಂಟೆ ಮೊದಲೇ ಹೋಗಿ ಕೂರಬೇಕು. ಆಮೇಲೆ ನಿಮ್ಮ 50 ನಿಮಿಷ. ಆಮೇಲೆ ಹುಬ್ಬಳ್ಳಿಯ ಗೋಕುಲ ರಸ್ತೆಯಿಂದ ಧಾರವಾಡದ ಬಸ್ಸು. ಎಲ್ಲ ಕೂಡಿಸಿದರೆ ಬೆಳಿಗ್ಗೆ ಹೊರಟವಳಿಗೆ ಅರ್ಧ ದಿನಕ್ಕಿಂತ ಹೆಚ್ಚು ರಸ್ತೆ ಮೇಲೆ, ಕಾಯುವ ಕುರ್ಚಿ ಮೇಲೆ. 50 ನಿಮಿಷ ಮಾತ್ರ ಆಕಾಶದಲ್ಲಿ.

ಇದು ನೇರ ವಿಮಾನ ಇದ್ದರೆ. ನಾನು ಹುಡುಕಿದಾಗ ಸಿಕ್ಕಿದ್ದು ಬೆಂಗಳೂರಿನ ಮೇಲೆ ಹೋಗೋ ದಾರಿ. ಕಲಬುರಗಿಯಿಂದ ದೇವನಹಳ್ಳಿಗೆ ಆಕಾಶದಲ್ಲಿ ಸುಮಾರು 460 ಕಿ.ಮೀ., ದೇವನಹಳ್ಳಿಯಿಂದ ಹುಬ್ಬಳ್ಳಿಗೆ ಸುಮಾರು 370. 300 ಕಿ.ಮೀ. ಒಳಗಿನ ದೂರಕ್ಕೆ 830 ಕಿ.ಮೀ. ಹಾರಬೇಕು, ನಡುವೆ ಗಂಟೆಗಟ್ಟಲೆ ಕಾಯಬೇಕು. ರಸ್ತೆ ಮೇಲೆ ಕಲಬುರಗಿ–ಹುಬ್ಬಳ್ಳಿ ಸುಮಾರು 350 ಕಿ.ಮೀ., ಬಸ್ಸಲ್ಲಿ ಎಂಟೊಂಬತ್ತು ಗಂಟೆ. ಬೆಂಗಳೂರು ಸುತ್ತಿ ಹೋದ ವಿಮಾನದವನೂ, ರಾತ್ರಿ ಬಸ್ಸಲ್ಲಿ ಕೂತವನೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಮುಟ್ಟಬಹುದು. ವ್ಯತ್ಯಾಸ ಜೇಬಿನಲ್ಲಿ ಮಾತ್ರ.

ನಮ್ಮ ರಾಜ್ಯದಲ್ಲಿ ಎಲ್ಲಾ ದಾರಿನೂ ಬೆಂಗಳೂರಿಗೆ ಹೋಗುತ್ತೆ, ಹಿಂದುಳಿದ ಒಂದು ಊರಿನಿಂದ ಹಿಂದುಳಿದ ಇನ್ನೊಂದು ಊರಿಗೆ ಮಾತ್ರ ದಾರಿ ಇಲ್ಲ. ಇದನ್ನ ನೇರ ವಿಮಾನ ಬೇಕು ಅನ್ನೋ ಗೆಳೆಯರೂ ಒಪ್ಪುತ್ತಾರೆ. ಅಲ್ಲಿವರೆಗೂ ನಾವು ಒಂದೇ ಕಡೆ. ಜಗಳ ಅಲ್ಲಿಂದ ಮುಂದೆ.

ಈಗ ದುಡ್ಡಿನ ಮಾತು. ಉಡಾನ್ ಯೋಜನೆಯ ಮೊದಲ ವಿಮಾನ ಹಾರಿದ್ದು 2017ರ ಏಪ್ರಿಲ್ 27ರಂದು, ಶಿಮ್ಲಾದಿಂದ ದೆಹಲಿಗೆ. ಹವಾಯಿ ಚಪ್ಪಲಿ ಹಾಕಿದವರೂ ವಿಮಾನದಲ್ಲಿ ಕೂರಬೇಕು ಅನ್ನೋ ಪ್ರಧಾನಿಯ ಮಾತು ಅವತ್ತು ದೇಶವೆಲ್ಲ ಓಡಾಡಿತು. ಸುಮಾರು ಒಂದು ಗಂಟೆಯ, 500 ಕಿ.ಮೀ. ಆಸುಪಾಸಿನ ಹಾರಾಟಕ್ಕೆ 2,500 ರೂಪಾಯಿ ಅಂತ ಮಿತಿ ಹಾಕಿದರು. ಆದರೆ ಆ ದರ ವಿಮಾನದ ಸುಮಾರು ಅರ್ಧ ಸೀಟುಗಳಿಗೆ ಮಾತ್ರ. ಉಳಿದದ್ದು ಮಾರುಕಟ್ಟೆ ಕೇಳಿದ ದರ.

ಆ ಅಗ್ಗದ ಸೀಟೇ ಸಿಕ್ಕಿತು ಅಂತ ಇಟ್ಕೊಳ್ರಿ. 2025–26ರಲ್ಲಿ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. 2,500 ಅಂದ್ರೆ ಹತ್ತಿರ ಹತ್ತಿರ ಏಳು ದಿನದ ಕೂಲಿ. 50 ನಿಮಿಷಕ್ಕೆ ಏಳು ದಿನ ಮಣ್ಣು ಹೊರಬೇಕು. ಹೋಗೋಕೆ ಏಳು, ಬರೋಕೆ ಏಳು. ಅದೂ 2017ರ ದರ ಹಂಗೇ ಇದೆ ಅಂತ ಹಿಡಿದರೆ. ಹವಾಯಿ ಚಪ್ಪಲಿ ಹಾಕಿದವರ ಪ್ರಯಾಣದ ಸಮಯವನ್ನ ನಿಮಿಷದಲ್ಲಿ ಅಳೀಬಾರದು, ಕೂಲಿ ದಿನದಲ್ಲಿ ಅಳೀಬೇಕು.

ಇದೇ ಅಳತೆಗೋಲಲ್ಲಿ ಇನ್ನೊಂದನ್ನ ಅಳೆದು ನೋಡೋಣ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಶಹಾಪುರದ ಆ ಹುಡುಗಿಗೆ ಧಾರವಾಡದ ದೂರ ಒಂದೇ ದಿನದಲ್ಲಿ ಸೊನ್ನೆ ಕೂಲಿಗೆ ಇಳೀತು. "ಬಿಟ್ಟಿ ಬಸ್ಸು" ಅಂತ ಹೀಯಾಳಿಸಿದವರು ಇದೇ ವಿಮಾನಪ್ರೇಮಿಗಳ ಗುಂಪಲ್ಲೇ ಇದ್ದರು. ಹಳ್ಳಿ ಹೆಂಗಸಿನ ಬಸ್ ಟಿಕೆಟ್ಟಿಗೆ ಸರ್ಕಾರ ದುಡ್ಡು ಕೊಟ್ಟರೆ ಅದು ಬಿಟ್ಟಿ ಭಾಗ್ಯ. ಸಣ್ಣ ಊರಿನ ವಿಮಾನದ ಸೀಟಿಗೆ ಸರ್ಕಾರ ದುಡ್ಡು ಕೊಟ್ಟರೆ ಅದಕ್ಕೆ "ವಯಬಿಲಿಟಿ ಗ್ಯಾಪ್ ಫಂಡಿಂಗ್" ಅಂತ ಹೆಸರು. ಎರಡೂ ಸಬ್ಸಿಡಿನೇ. ಒಂದಕ್ಕೆ ಇಂಗ್ಲಿಷ್ ಹೆಸರಿದೆ, ಅದಕ್ಕೆ ಅವಮಾನ ಇಲ್ಲ.

ಆ ಸಬ್ಸಿಡಿ ಎಲ್ಲಿಂದ ಬರುತ್ತೆ ಅಂತಾನೂ ತಿಳಿದಿರಲಿ. ಉಡಾನ್ ಮಾರ್ಗಗಳ ಕೊರತೆ ತುಂಬೋ ಹಣದಲ್ಲಿ ಕರ್ನಾಟಕದಂಥ ರಾಜ್ಯದ ಪಾಲು 20 ಶೇಕಡಾ. ಅದರ ಮೇಲೆ ನಿಲ್ದಾಣಕ್ಕೆ ಬೇಕಾದ ಜಮೀನು ರಾಜ್ಯವೇ ಪುಕ್ಕಟೆ ಕೊಡಬೇಕು, ಪೊಲೀಸ್ ಭದ್ರತೆ ಕೊಡಬೇಕು, ಅಗ್ನಿಶಾಮಕ ಕೊಡಬೇಕು, ವಿಮಾನದ ಇಂಧನದ ಮೇಲಿನ ತೆರಿಗೆ 1 ಶೇಕಡಾಕ್ಕೆ ಇಳಿಸಬೇಕು. ಕೇರಿಯಲ್ಲಿ ಬೆಂಕಿ ಬಿದ್ದರೆ ಅಗ್ನಿಶಾಮಕದ ಗಾಡಿ ತಾಲ್ಲೂಕಿನಿಂದ ಬರಬೇಕು. ದಿನಕ್ಕೆ ಒಂದು ವಿಮಾನ ಇಳಿಯೋ ನಿಲ್ದಾಣದಲ್ಲಿ ಅದು ಸದಾ ಸಿದ್ಧ ನಿಂತಿರುತ್ತೆ. ವಿಮಾನಕ್ಕೆ ಅದು ಬೇಕೇ ಬೇಕು, ತಕರಾರಿಲ್ಲ. ಕೇರಿಗೂ ಬೇಕು ಅಂತ ಕೇಳಿದಾಗ ಮಾತ್ರ "ಅನುದಾನ ಇಲ್ಲ" ಅನ್ನೋ ಉತ್ತರ ಯಾಕೆ?

ಇಷ್ಟೆಲ್ಲ ಕೊಟ್ಟು ಸಿಕ್ಕಿದ್ದೇನು? ನಾನು ಹೇಳಿದರೆ ಹೊಟ್ಟೆಕಿಚ್ಚು ಅಂತೀರಿ, ಮಹಾಲೇಖಪಾಲರು ಹೇಳಿದ್ದನ್ನೇ ಕೇಳ್ರಿ. 2023ರ ಸಿಎಜಿ ವರದಿ. ಉಡಾನ್ ಮೂರನೇ ಹಂತದವರೆಗೆ ಹಂಚಿದ ಮಾರ್ಗಗಳು 774. ಅದರಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಸಬ್ಸಿಡಿಯ ಮೂರು ವರ್ಷ ಪೂರ್ತಿ ಓಡಿದ್ದು 112. ಸಬ್ಸಿಡಿ ಮುಗಿದ ಮೇಲೂ 2023ರ ಮಾರ್ಚ್‌ವರೆಗೆ ಉಳಿದಿದ್ದು 54. ಇಂಥ ಫಲಿತಾಂಶ ಒಂದು ಹಾಸ್ಟೆಲ್ ಯೋಜನೆಯಲ್ಲಿ ಬಂದಿದ್ದರೆ ಆ ಯೋಜನೆಯನ್ನೇ ಮುಚ್ಚುತ್ತಿದ್ದರು, ಮೇಲಿಂದ "ಇವರಿಗೆ ಎಷ್ಟು ಕೊಟ್ಟರೂ ಅಷ್ಟೇ" ಅಂತ ನಮ್ಮನ್ನೇ ಬೈತಿದ್ದರು.

ದೂರ ಯಾಕೆ, ನಮ್ಮ ಪಕ್ಕದ ಬೀದರ್ ನೋಡ್ರಿ. 2020ರ ಫೆಬ್ರುವರಿಯಲ್ಲಿ ಬೆಂಗಳೂರಿಗೆ ವಿಮಾನ ಶುರುವಾಯ್ತು. ನಿಂತಿತು. 2022ರಲ್ಲಿ ಮತ್ತೆ ಶುರು. 2023ರ ಕೊನೆಗೆ ಮತ್ತೆ ನಿಂತಿತು. 2025ರಲ್ಲಿ ರಾಜ್ಯ ಸರ್ಕಾರ ಸಬ್ಸಿಡಿ ಕೊಡಲು ಒಪ್ಪಿದ ಮೇಲೆ ಮತ್ತೆ ಶುರು. ಕಲಬುರಗಿ ನಿಲ್ದಾಣಕ್ಕೆ 2008ರಲ್ಲಿ ಶಂಕುಸ್ಥಾಪನೆ, 2019ರ ನವೆಂಬರ್ 22ರಂದು ಉದ್ಘಾಟನೆ, ಹನ್ನೊಂದು ವರ್ಷ. ಪ್ರತಿ ಸಲ ಶುರುವಾದಾಗ ಹಾರ, ಪಟಾಕಿ, ಶಾಸಕರ ಫೋಟೊ. ನಿಂತಾಗ ಯಾರ ಫೋಟೊನೂ ಬರಲ್ಲ. ಇಂಥ ಸೇವೆಯನ್ನ ನಂಬಿ ಯಾವ ತಂದೆ ಮಗಳ ಪರೀಕ್ಷೆಗೆ ಟಿಕೆಟ್ ತೆಗೀತಾನೆ? ಯಾವ ರೋಗಿ ಮುಂದಿನ ತಿಂಗಳ ತಪಾಸಣೆ ಗೊತ್ತು ಮಾಡ್ಕೊಳ್ತಾನೆ?

ಹಂಗಾದ್ರೆ ಈ 300 ಕಿ.ಮೀ. ದೂರ ನಿಜವಾಗಿ ಕಡಿಮೆ ಮಾಡೋದು ಹೆಂಗೆ? ಉತ್ತರ ನೆಲದ ಮೇಲೇ ಇದೆ. ಗದಗ–ವಾಡಿ ರೈಲು ಮಾರ್ಗ. 257 ಕಿ.ಮೀ. ಯಲಬುರ್ಗಾ, ಕುಷ್ಟಗಿ, ಲಿಂಗಸುಗೂರು, ಸುರಪುರ, ಶಹಾಪುರ ಮೇಲೆ ವಾಡಿಗೆ ಬರೋ ದಾರಿ. 2013–14ರಲ್ಲಿ ಮಂಜೂರಾಯ್ತು. 2025ರಲ್ಲಿ ಹುಬ್ಬಳ್ಳಿಯಿಂದ ಕುಷ್ಟಗಿವರೆಗೆ ರೈಲು ಬಂತು. ಒಂದು ದಶಕ ಕಳೆದರೂ ದಾರಿ ಅರ್ಧಕ್ಕೂ ಬಂದಿಲ್ಲ. ಈ ಮಾರ್ಗ ಪೂರ್ತಿಯಾದರೆ ಶಹಾಪುರದ ಹುಡುಗಿ ತನ್ನ ತಾಲ್ಲೂಕಿನಲ್ಲೇ ರೈಲು ಹತ್ತಿ ಹುಬ್ಬಳ್ಳಿಯಲ್ಲಿ ಇಳೀಬಹುದು. ಉತ್ತರಕ್ಕೆ ಹೋಗಿ ದಕ್ಷಿಣಕ್ಕೆ ಬರೋ ಸುತ್ತು ಇಲ್ಲ, ಏಳು ದಿನದ ಕೂಲಿ ಇಲ್ಲ. ಇವತ್ತು ಕಲಬುರಗಿಯಿಂದ ರೈಲಲ್ಲಿ ಹುಬ್ಬಳ್ಳಿಗೆ ಹೋಗಬೇಕಾದ್ರೆ ಮಹಾರಾಷ್ಟ್ರದ ಸೊಲ್ಲಾಪುರ ಸುತ್ತಬೇಕು, ಇಲ್ಲಾ ಆಂಧ್ರದ ಗುಂತಕಲ್ ಸುತ್ತಬೇಕು. ನಮ್ಮ ರಾಜ್ಯದ ಒಂದು ಊರಿಂದ ಇನ್ನೊಂದು ಊರಿಗೆ ಹೋಗೋಕೆ ಪಕ್ಕದ ರಾಜ್ಯದ ನೆಲ ತುಳೀಬೇಕು!

ಇದು ಆಕಸ್ಮಿಕ ಅಲ್ಲ. ಬೀದರ್–ಕಲಬುರಗಿ ನಡುವೆ 110 ಕಿ.ಮೀ. ಹಳಿ ಹಾಸೋಕೆ ಎರಡು ದಶಕ ಹಿಡಿದು, ಮೊದಲ ರೈಲು ಓಡಿದ್ದು 2017ರ ಅಕ್ಟೋಬರ್‌ನಲ್ಲಿ. ಗಿಣಿಗೇರಾ–ಮೆಹಬೂಬನಗರ ಮಾರ್ಗ ಮಂಜೂರಾಗಿದ್ದು 1997–98ರಲ್ಲಿ. ಅದು ಮಂಜೂರಾದ ವರ್ಷ ಹುಟ್ಟಿದ ಕೂಸು ಇವತ್ತು ಮದುವೆಯಾಗಿ ಮಕ್ಕಳನ್ನ ಶಾಲೆಗೆ ಕಳಿಸ್ತಿದೆ. ಕಲಬುರಗಿ ರೈಲ್ವೆ ವಿಭಾಗ ಘೋಷಣೆಯಾಗಿದ್ದು 2014ರಲ್ಲಿ. ಘೋಷಣೆ ಘೋಷಣೆಯಾಗೇ ಉಳಿದು ವರ್ಷಗಳು ಉರುಳಿದವು. ನಂಜುಂಡಪ್ಪ ಸಮಿತಿ 2002ರಲ್ಲೇ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ನಮ್ಮ ಕಲಬುರಗಿ ವಿಭಾಗದಲ್ಲೇ ಇವೆ. ಅತಿ ಹಿಂದುಳಿದ ಭಾಗಕ್ಕೆ ಅತಿ ನಿಧಾನದ ಹಳಿ. ಆ ಹಳಿ ಕಾದು ಕಾದು ಸುಸ್ತಾದ ಮೇಲೆ "ತಗೊಳ್ರಿ, ವಿಮಾನ" ಅಂತ ಆಕಾಶ ತೋರಿಸ್ತಾರೆ.

ನಮ್ಮ ಜನ ಎಲ್ಲಿ ಓಡಾಡ್ತಾರೆ ಅಂತ ನೋಡಬೇಕಾದ್ರೆ ಹಬ್ಬ ಮುಗಿದ ಮರುದಿನ ಕಲಬುರಗಿ ಸ್ಟೇಷನ್ನಿಗೆ ಬರ್ರಿ. ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿ ಮುಂದೆ ನಿಲ್ಲಿ. ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ, ಮುಂಬೈ ಕಡೆ ಕೂಲಿಗೆ ಗುಳೆ ಹೋಗೋರು. ಕೈಯಲ್ಲಿ ಅಕ್ಕಿ ಜೋಳದ ಚೀಲ, ಕಂಕುಳಲ್ಲಿ ಕೂಸು. ಶೌಚಾಲಯದ ಬಾಗಿಲಲ್ಲೂ ಜನ. ಕಲಬುರಗಿ ಜಿಲ್ಲೆಯಲ್ಲಿ ನಾಲ್ಕರಲ್ಲಿ ಒಬ್ಬರು ಪರಿಶಿಷ್ಟ ಜಾತಿಯವರು. ಆ ಬೋಗಿಯಲ್ಲಿ ಎಷ್ಟು ಅಂತ ಯಾರೂ ಎಣಿಸಿಲ್ಲ. ಹೆಚ್ಚಿಗೆ ಎರಡು ಜನರಲ್ ಬೋಗಿ ಹಾಕಿಸ್ರಿ ಅಂತ ಕೇಳಿದರೆ ಅದಕ್ಕೆ ದನಿ ಕೂಡಿಸೋರು ಸಿಗಲ್ಲ. "ಕೈಗಾರಿಕೆ ಬರ್ತದ" ಅನ್ನೋ ಮಾತೂ ಕೇಳಿದ್ದೀನಿ. ನಮ್ಮ ಭಾಗದ ಬೆಳೆ ತೊಗರಿ, ಭೌಗೋಳಿಕ ಸೂಚಿಕೆ ಪಡೆದ ಬೆಳೆ. ತೊಗರಿ ಚೀಲ ವಿಮಾನದಲ್ಲಿ ಹೋಗಲ್ಲರೀ, ಲಾರಿಯಲ್ಲಿ, ಗೂಡ್ಸ್ ರೈಲಲ್ಲಿ ಹೋಗ್ತದ.

ಇಲ್ಲಿವರೆಗೆ ಹೇಳಿದ್ದು ಬಡವರೆಲ್ಲರ ಮಾತು. "ಇದರಲ್ಲಿ ಜಾತಿ ಯಾಕೆ ತರ್ತೀರಿ" ಅನ್ನೋ ಪ್ರಶ್ನೆ ನಿಮ್ಮ ನಾಲಿಗೆ ತುದಿಯಲ್ಲಿದೆ ಅಂತ ಗೊತ್ತು. ಜಾತಿ ನಾನು ತರಲ್ಲ. ಅದು ವಾಹನದಿಂದ ಇಳಿದ ಕೂಡಲೇ ಎದುರಿಗೇ ನಿಂತಿರುತ್ತೆ.

ಬಾಬಾಸಾಹೇಬರ "ವೇಟಿಂಗ್ ಫಾರ್ ಎ ವೀಸಾ" ಓದಿದವರಿಗೆ ಮಸೂರ್ ಸ್ಟೇಷನ್ ಗೊತ್ತಿರುತ್ತೆ. 1901. ಬಾಲಕ ಭೀಮರಾವ್, ಅಣ್ಣ, ಅಕ್ಕನ ಮಕ್ಕಳು ಸಾತಾರಾ ಕಡೆಯಿಂದ ರೈಲು ಹತ್ತಿ ಮಸೂರಿಗೆ ಬಂದಿಳೀತಾರೆ. ಕೋರೆಗಾಂವ್‌ನಲ್ಲಿ ಕೆಲಸದಲ್ಲಿದ್ದ ಅಪ್ಪನ ಹತ್ತಿರ ಹೋಗಬೇಕು. ಹೊಸ ಬಟ್ಟೆ, ಮೊದಲ ರೈಲು ಪ್ರಯಾಣದ ಖುಷಿ. ಕರೆದೊಯ್ಯಲು ಯಾರೂ ಬಂದಿಲ್ಲ. ಮಹಾರರ ಮಕ್ಕಳು ಅಂತ ಗೊತ್ತಾದ ಕೂಡಲೇ ಸ್ಟೇಷನ್ ಮಾಸ್ತರರ ಮುಖ ಬದಲಾಗುತ್ತೆ. ಎತ್ತಿನಗಾಡಿಯವರು ಯಾರೂ ಒಪ್ಪಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆ ಕೊಟ್ಟು, ಮಕ್ಕಳೇ ಗಾಡಿ ಹೊಡೆಯೋದು, ಗಾಡಿಯವನು ಪಕ್ಕದಲ್ಲಿ ನಡೆಯೋದು ಅಂತ ಒಪ್ಪಂದ. ಕಟ್ಟಿಕೊಂಡು ಬಂದ ಊಟ ಇತ್ತು, ಕುಡಿಯೋಕೆ ನೀರು ಕೊಡೋರು ಇರಲಿಲ್ಲ. ರಾತ್ರಿ ದಾರಿಯಲ್ಲೇ ಕಳೆದು ಮರುದಿನ ಅಪ್ಪನ ಊರು ಮುಟ್ಟಿದರು.

ಈ ಘಟನೆಯನ್ನ ದೂರದ ಪಾಠ ಅಂತ ಓದಿ ನೋಡ್ರಿ. 1901ರಲ್ಲಿ ರೈಲು ಅಂದ್ರೆ ಇವತ್ತಿನ ವಿಮಾನ. ಆಗಲೂ ಯಾರೋ ವೇಳಾಪಟ್ಟಿ ನೋಡಿ ಸಾತಾರಾದಿಂದ ಮಸೂರಿಗೆ ಇಷ್ಟು ಹೊತ್ತು ಅಂತ ಹೇಳಿರಬೇಕು. ಆ ಅಂಕಿ ಸರಿಯಾಗೇ ಇತ್ತು. ರೈಲು ಬ್ರಾಹ್ಮಣನನ್ನೂ ಮಹಾರನನ್ನೂ ಒಂದೇ ವೇಗದಲ್ಲಿ ಒಯ್ದಿತು. ಸ್ಟೇಷನ್ನಿನ ಹೊರಗೆ ಕಾಲಿಟ್ಟಾಗ ಇಬ್ಬರ ದೂರ ಬೇರೆ ಬೇರೆ ಆಯ್ತು. ಬೇರೆ ಜಾತಿಯ ಹುಡುಗರು ಬೇಗ ಹೋಗಿ ಮುಟ್ಟುತ್ತಿದ್ದ ದಾರಿ, ಇವರಿಗೆ ಒಂದು ರಾತ್ರಿಯ ಭಯ ಮತ್ತು ಬಾಯಾರಿಕೆ.

ಇದು ಹಳೇ ಕಥೆ ಅಂತೀರಾ? ನಮ್ಮ ಹುಡುಗಿ ಧಾರವಾಡ ಮುಟ್ಟಿದ ಮೇಲಿನ ಮಾತು ಕೇಳ್ರಿ. ಬಸ್ಸಲ್ಲಿ ಹೋದದ್ದು ಒಂದು ದಿನ. ರೂಮ್ ಸಿಕ್ಕಿದ್ದು ಆರನೇ ದಿನಕ್ಕೆ. "ಬಾಡಿಗೆಗಿದೆ" ಬೋರ್ಡಿನ ಕೆಳಗೇ "ಸಸ್ಯಾಹಾರಿಗಳಿಗೆ ಮಾತ್ರ". ಬೋರ್ಡ್ ಇಲ್ಲದ ಮನೆಯಲ್ಲಿ ಹೆಸರು ಕೇಳ್ತಾರೆ, ಊರು ಕೇಳ್ತಾರೆ, ಕಾಲೇಜು ಕೇಳ್ತಾರೆ. ಅಷ್ಟರಲ್ಲಿ ಗೊತ್ತಾಗದಿದ್ರೆ ಕೊನೆಗೆ "ನೀವು ಯಾವ ಪೈಕಿ?" ಉತ್ತರ ಕೇಳಿದ ಮೇಲೆ "ನಮ್ಮ ಅಣ್ಣನ ಮಗ ಬರಾವ ಇದ್ದಾನ್ವಾ, ಅವಗ ಕೊಡೋದೈತಿ". ಎಷ್ಟು ಅಣ್ಣಂದಿರ ಎಷ್ಟು ಮಕ್ಕಳು ಬರಾವರಿದ್ದಾರೋ! ಆ ಐದು ದಿನ ಅವಳು ಗೆಳತಿಯ ರೂಮಲ್ಲಿ, ಮಾಲೀಕರ ಕಣ್ಣು ತಪ್ಪಿಸಿ, ಚಪ್ಪಲಿ ಒಳಗಿಟ್ಟುಕೊಂಡು ಮಲಗಿದಳು. ವಿಮಾನದಲ್ಲೇ ಹೋಗಿದ್ದರೆ ಅವಳಿಗೆ ಉಳೀತಿದ್ದದ್ದು ಕೆಲವು ಗಂಟೆ. ಜಾತಿ ತಿಂದದ್ದು ಐದು ದಿನ. ಯಾವ ದೂರ ದೊಡ್ಡದು, ನೀವೇ ಹೇಳ್ರಿ.

ಇನ್ನೊಂದು ಕಡೆಯ ದೂರನೂ ಇದೆ, ಊರಿನೊಳಗಿನದು. ಅಗಸಿಯಿಂದ ಕೇರಿಗೆ ಬರೋ ದಾರಿ ಮಳೆಗಾಲದಲ್ಲಿ ಕೆಸರು. ಆಂಬುಲೆನ್ಸ್ ಊರಿನವರೆಗೆ ಬರುತ್ತೆ, ಬಸುರಿಯನ್ನ ಅಲ್ಲಿಗೆ ನಾವೇ ಹೊತ್ತು ತರಬೇಕು. ರೇಷನ್ ಅಂಗಡಿ ಊರೊಳಗೆ, ಪಂಚಾಯ್ತಿ ಊರೊಳಗೆ, ಶಾಲೆ ಊರೊಳಗೆ. ಎಷ್ಟೋ ಊರಲ್ಲಿ ಹೆಣ ಹೂಳೋಕೆ ಹಳ್ಳ ದಾಟಿ ಹೋಗಬೇಕು. ಈ ದೂರ ಯಾವ ಇಲಾಖೆಯ ಪಟ್ಟಿಯಲ್ಲೂ ಇಲ್ಲ. ಅರ್ಧ ಕಿಲೋಮೀಟರ್ ಅಂತ ನಗಬೇಡಿ. ಆ ಅರ್ಧ ಕಿಲೋಮೀಟರ್ ದಾಟೋಕೆ ನಮಗೆ ನೂರಾರು ವರ್ಷ ಹಿಡಿದಿದೆ, ಇನ್ನೂ ಪೂರ್ತಿ ದಾಟಿಲ್ಲ.

ಹಾಗಾಗಿ "ನಿಮ್ಮ ಮಂದಿಗೂ ಅನುಕೂಲ" ಅನ್ನೋ ಮಾತು ಕೇಳಿದಾಗ ನನಗೆ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆಯ 7-ಡಿ ನೆನಪಾಗುತ್ತೆ. 2013ರಲ್ಲಿ ಹೋರಾಟ ಮಾಡಿ ಪಡೆದ ಕಾಯ್ದೆ, ಹಂಚಿಕೆಯಾಗುವ ಬಜೆಟ್ಟಿನಲ್ಲಿ ಜನಸಂಖ್ಯೆಗೆ ತಕ್ಕಂತೆ 24.1 ಶೇಕಡಾ ಪರಿಶಿಷ್ಟರಿಗೆ. ಅದರಲ್ಲೇ 7-ಡಿ ಅಂತ ಒಂದು ಕಿಂಡಿ. ಎಲ್ಲರಿಗೂ ಅಂತ ಮಾಡೋ ಮೂಲಸೌಕರ್ಯದ ಖರ್ಚಿನಲ್ಲಿ ಒಂದು ಪಾಲನ್ನ ದಲಿತರಿಗೇ ಖರ್ಚಾಯ್ತು ಅಂತ ಭಾವಿಸಬಹುದು ಅಂತ. ರಸ್ತೆ ಮಾಡಿ, ಆ ರಸ್ತೆ ಮೇಲೆ ದಲಿತರೂ ಓಡಾಡ್ತಾರಲ್ಲ ಅಂತ ನಮ್ಮ ಲೆಕ್ಕಕ್ಕೆ ಬರೆಯೋ ವಿದ್ಯೆ. ವರ್ಷಗಟ್ಟಲೆ ಕೂಗಿದ ಮೇಲೆ 2023ರಲ್ಲಿ ಅದನ್ನ ತೆಗೆದುಹಾಕಿದರು. ಕಾಗದದಿಂದ ತೆಗೆದರು, ತಲೆಯಿಂದ ಹೋಗಿಲ್ಲ. ವಿಮಾನ ಬಂದರೆ ನಿಮಗೂ ಹತ್ತಿರ ಆಯ್ತಲ್ಲ ಅನ್ನೋದು ಅದೇ 7-ಡಿ ಬುದ್ಧಿ. ಖರ್ಚಾಯ್ತು ಅಂತ ಭಾವಿಸಿದಂತೆ, ಹತ್ತಿರ ಆದೆವು ಅಂತಾನೂ ಭಾವಿಸಿಕೊಳ್ಳಬೇಕಂತೆ ನಾವು.

ಭಾವಿಸಿಕೊಳ್ಳಲ್ಲ.

ನಿಜವಾಗಿ ದೂರ ಕಡಿಮೆಯಾದದ್ದಕ್ಕೆ ಒಂದು ಉದಾಹರಣೆ ಕೊಡ್ತೀನಿ, ಬರೀ ಬೈಗುಳ ಆಗಬಾರದು. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ತನ್ನ ಹೊಸ ಕಟ್ಟಡದಲ್ಲಿ ಶುರುವಾಯ್ತು. 371 ಹಾಸಿಗೆ, ನಮ್ಮ 371(ಜೆ) ನೆನಪಿಗೆ. ಎದೆನೋವು ಅಂತ ಬೆಂಗಳೂರು, ಹೈದರಾಬಾದ್, ಸೊಲ್ಲಾಪುರಕ್ಕೆ ಓಡ್ತಿದ್ದ ಮಂದಿಗೆ ಆಸ್ಪತ್ರೆಯೇ ಇಲ್ಲಿಗೆ ಬಂತು. ರೋಗಿಯನ್ನ ಬೇಗ ಒಯ್ಯೋದಕ್ಕಿಂತ ಆಸ್ಪತ್ರೆಯನ್ನ ಹತ್ತಿರ ತರೋದು ಒಳ್ಳೇದು. ಪರೀಕ್ಷಾ ಕೇಂದ್ರಕ್ಕೂ ಅದೇ ಮಾತು, ಕೋಚಿಂಗಿಗೂ ಅದೇ ಮಾತು. ನಮ್ಮ ಹುಡುಗರು ಧಾರವಾಡಕ್ಕೆ ಹೋಗಬೇಕಾಗಿ ಬಂದಿರೋದೇ ನಮ್ಮ ತಾಲ್ಲೂಕುಗಳಲ್ಲಿ ಒಂದು ಸರಿಯಾದ ಲೈಬ್ರರಿ ಇಲ್ಲದ್ದಕ್ಕೆ.

ನೇರ ವಿಮಾನ ಬೇಕು ಅನ್ನೋ ಗೆಳೆಯರಿಗೆ ನನ್ನ ಬೇಡಿಕೆ ಇಷ್ಟು. ಇದನ್ನೂ ಸೇರಿಸಿಕೊಂಡು ಮಾತಾಡ್ರಿ.

ಒಂದು. ಗದಗ–ವಾಡಿ ಮಾರ್ಗಕ್ಕೆ ಮುಗಿಯೋ ದಿನಾಂಕ ಬೇಕು. ಉದ್ಘಾಟನೆಯ ದಿನಾಂಕ ಅಲ್ಲ, ವಾಡಿಯಿಂದ ಹುಬ್ಬಳ್ಳಿವರೆಗೆ ರೈಲು ಓಡೋ ದಿನಾಂಕ. ವಿಮಾನಕ್ಕೆ ಎಷ್ಟು ಪತ್ರ ಬರೀತೀರೋ ಅಷ್ಟೇ ಪತ್ರ ಇದಕ್ಕೂ ಬರೀರಿ.

ಎರಡು. ಸರ್ಕಾರ ವಿಮಾನದ ಸೀಟಿಗೆ ಸಬ್ಸಿಡಿ ಕೊಡೋದಾದ್ರೆ ಒಂದೊಂದು ಸೀಟಿಗೆ ಎಷ್ಟು ಕೊಟ್ಟಿತು ಅಂತ ತಿಂಗಳಿಗೊಮ್ಮೆ ನಿಲ್ದಾಣದ ಬಾಗಿಲಲ್ಲೇ ಬರೆದು ಹಾಕಲಿ. ಆ ಸೀಟುಗಳಲ್ಲಿ ಒಂದು ಪಾಲು ಜಿಲ್ಲಾಸ್ಪತ್ರೆಯಿಂದ ಕಳಿಸಿದ ರೋಗಿಗಳಿಗೆ, ಬಿಪಿಎಲ್ ಕಾರ್ಡಿನ ಪರೀಕ್ಷಾರ್ಥಿಗಳಿಗೆ ಬಸ್ಸಿನ ದರದಲ್ಲಿ ಸಿಗಲಿ. ನಮ್ಮ ದುಡ್ಡಿನ ಸೀಟಲ್ಲಿ ನಾವೂ ಕೂರ್ತೀವಿ.

ಮೂರು. ಧಾರವಾಡದಲ್ಲಿ ಪರೀಕ್ಷೆಗೆ ಓದೋ ಪರಿಶಿಷ್ಟ ಹುಡುಗ ಹುಡುಗಿಯರಿಗೆ, ಕಾಲೇಜು ಮುಗಿದವರಿಗೂ ಜಾಗ ಇರೋ ಹಾಸ್ಟೆಲ್ ಬೇಕು. ಬಾಡಿಗೆ ಮನೆಯ ಬಾಗಿಲಲ್ಲಿ ಜಾತಿ ಕೇಳೋರ ಮೇಲೆ ದೂರು ತಗೊಳ್ಳೋ ಒಂದು ಟೇಬಲ್ಲು, ಒಬ್ಬ ಅಧಿಕಾರಿ ಬೇಕು.

ನಾಲ್ಕು. ನಿಲ್ದಾಣದಲ್ಲಿ ಕೆಲಸ ಯಾರಿಗೆ? ಕಸ ಗುಡಿಸೋ, ಶೌಚಾಲಯ ತೊಳೆಯೋ ಗುತ್ತಿಗೆ ಕೆಲಸಕ್ಕೆ ನಮ್ಮವರು ಬೇಕು, ಅದಕ್ಕೆ ಯಾವ ಮೀಸಲಾತಿಯೂ ಬೇಕಾಗಿಲ್ಲ. ಕೌಂಟರಿನಲ್ಲಿ, ಭದ್ರತೆಯಲ್ಲಿ, ಅಂಗಡಿಯ ಗುತ್ತಿಗೆಯಲ್ಲಿ ನಮ್ಮ ಪಾಲು ಎಷ್ಟು ಅಂತ ಲೆಕ್ಕ ಕೊಡ್ರಿ.

ಐದು. ಇನ್ನು ಮುಂದೆ ದೂರವನ್ನ ಗೇಟಿನಿಂದ ಗೇಟಿಗೆ ಅಳೀಬೇಡಿ. ಪ್ರತಿ ತಾಲ್ಲೂಕಿನಲ್ಲೂ ಕೇರಿಯಿಂದ, ತಾಂಡಾದಿಂದ, ಜನತಾ ಕಾಲೊನಿಯಿಂದ ಹಿಡಿದು ಆಸ್ಪತ್ರೆ, ಕಾಲೇಜು, ಪರೀಕ್ಷಾ ಕೇಂದ್ರಕ್ಕೆ ಎಷ್ಟು ಗಂಟೆ, ಎಷ್ಟು ಕೂಲಿ ದಿನ ಅಂತ ಜಿಲ್ಲಾ ಪಂಚಾಯ್ತಿ ಅಳೆದು ಪ್ರಕಟಿಸಲಿ. ಅತಿ ದೂರ ಯಾರದೋ ಅವರ ರಸ್ತೆ, ಅವರ ಬಸ್ಸು ಮೊದಲು.

ಸರ್ಕಾರ ಅಳೆಯೋವರೆಗೂ ಕಾಯೋದು ಬೇಡ, ನಾವೇ ಶುರು ಮಾಡೋಣ. ಇದನ್ನ ಓದಿದ ಕಲ್ಯಾಣ ಕರ್ನಾಟಕದ ಪ್ರತಿಯೊಬ್ಬರೂ ಕೆಳಗೆ ಮೂರು ಸಾಲು ಬರೀರಿ. ನಿಮ್ಮ ಮನೆ ಬಾಗಿಲಿಂದ ಡಾಂಬರು ರಸ್ತೆಗೆ ಎಷ್ಟು ನಿಮಿಷದ ನಡಿಗೆ. ಅಲ್ಲಿಂದ ದೊಡ್ಡಾಸ್ಪತ್ರೆಗೆ ಎಷ್ಟು ಗಂಟೆ. ಹೋಗಿ ಬರೋಕೆ ಎಷ್ಟು ದಿನದ ಕೂಲಿ. ಊರಿನ ಹೆಸರು, ತಾಲ್ಲೂಕು ಸಾಕು, ನಿಮ್ಮ ಹೆಸರು ಬೇಡ. ಬರೆಯೋಕೆ ಬಾರದ ಅಪ್ಪ ಅವ್ವನನ್ನ ಕೇಳಿ ಅವರದ್ದನ್ನೂ ನೀವೇ ಬರೀರಿ. ಎಲ್ಲ ಕೂಡಿಸಿ ಪಟ್ಟಿ ಮಾಡಿ ಜಿಲ್ಲಾಧಿಕಾರಿ ಕಚೇರಿಗೆ ನಾನೇ ಒಯ್ದು ಕೊಡ್ತೀನಿ, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬಂದು ಇಲ್ಲೇ ಹಾಕ್ತೀನಿ.

ಜೈಭೀಮ್.